ಹೊರಗೆ ಹೊಲಿಗೆ

ಕ್ಲೋರಿನ್ ವಾಸನೆ ಮೂಗಿಗೇರುತ್ತದೆ, ಈಜುಕೊಳದ ಬೆಂಚು ಒದ್ದೆ, ಸೀರೆಯೂ ಒದ್ದೆಯಾಯಿತು, ಆಗಲಿ, ಇಲ್ಲಿಂದ ಎದ್ದರೆ ಮಗಳು ಕಾಣುವುದಿಲ್ಲ — ಅಗೋ ನೀಲಿ ಟೋಪಿ, ಮೆಟ್ಟಿಲು ಹಿಡಿದು ಇಳಿಯುತ್ತಿದೆ, ಮಗಳ ಬೆನ್ನಿನ ಮಚ್ಚೆ ತಿಳಿಯಾಗ್ತಿದೆ, ಈಜಲಿ ಬಿಡಿ, ಆದರೆ ಧುಮುಕೋದು ಬೇಡ, ಮೈಗೆ ನೀರು ಮೆಲ್ಲಗೆ ಒಗ್ಗಲಿ ಎಂದಿದ್ದರು ಡಾಕ್ಟರು, ತುರ್ತಿನ ಇಂಜೆಕ್ಷನ್ ಚೀಲದಲ್ಲಿದೆಯೇ, ಮತ್ತೆ ಮುಟ್ಟಿ ನೋಡಿಕೊಂಡಳು, ಇದೆ. ರೀ, ನಿಮ್ಮ ಮಗು ಈಜುಡುಗೆ ಉಲ್ಟಾ ಹಾಕ್ಕೊಂಡಿದೆ ಅಂತಾಳೆ ಪಕ್ಕದಲ್ಲಿ ಕೂತವಳು. ಉಲ್ಟಾ ಅಲ್ಲ ಕಣ್ರೀ, ನಾನೇ ಹೊಲಿದಿದ್ದು, ಹೊಲಿಗೆ ತಿಕ್ಕಿದರೆ ಅವಳ ಮೈ ಉಬ್ಬುತ್ತೆ — ಊರವರ ಬಟ್ಟೆಗೆಲ್ಲ ಹೊಲಿಗೆ ಒಳಗೆ ಬಚ್ಚಿಡುವ ದರ್ಜಿ, ಸ್ವಂತ ಮಗಳ ಅಂಗಿಗೆ ಮಾತ್ರ ಅಂಚೆಲ್ಲ ಹೊರಗೆ. ಕೈಗೂಸಾಗಿದ್ದಾಗಲೇ ಬೆನ್ನ ತುಂಬ ಕಂದು ಮಚ್ಚೆ, ಅತ್ತೆ ಕೊಳೆ ಅಂದುಕೊಂಡು ಬಿಸಿನೀರಲ್ಲಿ ತಿಕ್ಕಿಯೇ ತಿಕ್ಕಿದರು, ಕಣ್ಣೆದುರೇ ಮಚ್ಚೆಗಳು ಕೆಂಪಗೆ ಎದ್ದವು, ಕೂಸು ತೋಳಲ್ಲಿ ಜೋತುಬಿತ್ತು, ಆಸ್ಪತ್ರೆಗೆ ಓಡಿದ್ದು, ನನ್ನ ಕೈ ಸೇದಿಹೋಗ ಎಂದು ಅತ್ತೆ ದಾರಿಯುದ್ದ ಗೋಳಾಡಿದ್ದು. ಆಮೇಲೆ ಶಾಲೆಯ ಟೀಚರ್ ಬಾಗಿಲು ಹಾಕಿ ಕೇಳಿದ್ದು, ಮನೇಲಿ ಯಾರು ಸುಟ್ಟಿದ್ದು ಪುಟ್ಟಾ, ಹೆದರಬೇಡ ಹೇಳು. ಯಾರೂ ಸುಟ್ಟಿರಲಿಲ್ಲ. ಮಾಸ್ಟ್ ಕೋಶ, ಎಲ್ಲರ ಮೈಯಲ್ಲೂ ಕಾವಲಿಗಿರುವಂಥದ್ದು, ಇವಳ ಚರ್ಮದಲ್ಲಿ ಮಿತಿಮೀರಿ ಕೂಡಿಕೊಂಡಿದೆ, ತಿಕ್ಕಿದರೆ, ಬಿಸಿ ತಾಗಿದರೆ ಒಳಗಿನ ರಾಸಾಯನಿಕ ಕಕ್ಕುತ್ತದೆ, ಮಚ್ಚೆ ಉಬ್ಬಿ ಏಳುತ್ತದೆ. ಬೆಳೀತಾ ಬೆಳೀತಾ ಎಷ್ಟೋ ಮಕ್ಕಳಿಗೆ ತಾನಾಗೇ ತಗ್ಗುತ್ತಮ್ಮ, ಆದರೆ ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ಅಂದಿನಿಂದ ಟವೆಲು ಅಂದರೆ ಒತ್ತುವುದು, ಉಜ್ಜುವುದಲ್ಲ — ಅರೆ, ಟೋಪಿ ಆಚೆ ಗೋಡೆ ಮುಟ್ಟಿತು, ತಿರುಗಿತು, ಪಕ್ಕದ ಸಾಲಿನ ಉದ್ದ ಕಾಲಿನ ಹುಡುಗಿಯನ್ನು ಹಿಂದೆ ಹಾಕಿತು, ಹೌದು, ಹಾಕಿಯೇಬಿಟ್ಟಿತು. ಅಮ್ಮಾ ನೋಡಿದ್ಯಾ, ಅವಳು ದಿನಾ ಬರೋಳು, ನಾನು ಗೆದ್ದೆ — ಗೆದ್ದ ಭರದಲ್ಲಿ ಮೇಲೆ ಹತ್ತಿ ಬಂದು ಟವೆಲು ಕಸಿದುಕೊಂಡ ಮಗಳು ಅದನ್ನು ಬೆನ್ನಿಗೆ ಅಡ್ಡ ಹಿಡಿದು ಪರಪರ ಎಳೆದಾಡಿದಳು, ಬೇರೆ ಮಕ್ಕಳ ಹಾಗೆ, ತಾಯಿಯ ಕೈ ಆಗಲೇ ಚೀಲದೊಳಗೆ ಇಂಜೆಕ್ಷನ್ ಹುಡುಕುತ್ತಿತ್ತು. ಟವೆಲು ನಿಂತಿತು. ಉಜ್ಜಿಬಿಟ್ಟದ್ದು ಮಗಳಿಗೂ ಗೊತ್ತಾಯಿತು, ಬೆನ್ನು ತಿರುಗಿಸಿ ಕೂತಳು, ಮುಂದಿನ ತಂಡ ಈಜಿ ಮೇಲೆ ಬರುವವರೆಗೂ ಇಬ್ಬರೂ ಕಾದರು. ಉಬ್ಬಿ ಬಂತಾ ಅಮ್ಮಾ. ಇಲ್ಲ ಕಣೇ. ಸರಿಯಾಗಿ ನೋಡು. ನೋಡ್ತಾನೇ ಇದೀನಿ — ಹೆಗಲ ಕೆಳಗಿನ ಆ ಮಚ್ಚೆ, ಟೋಪಿಯಿಂದ ಜಾರಿದ ಹನಿಯೊಂದು ಅದರ ಅಂಚಿಗೆ ಬರುತ್ತದೆ, ಎಲ್ಲೂ ಏರದೆ, ಎಲ್ಲೂ ತಡೆಯದೆ ದಾಟುತ್ತದೆ, ಇನ್ನೊಂದು ಹನಿ, ಅದೂ ದಾಟುತ್ತದೆ, ಚಪ್ಪಟೆ ಮಚ್ಚೆ, ಅದರ ಮೇಲೆ ಹನಿ, ಹನಿ —