ಹೇಳಲಾಗದ ಹೆಸರು

ನಾನು ಒಂದು ಮಿಲಿಟರಿ ರೇಡಿಯೋ. ಅಮೆರಿಕದ ಕಾರ್ಖಾನೆಯೊಂದರಲ್ಲಿ, ಎರಡನೇ ಮಹಾಯುದ್ಧದ ಗಡಿಬಿಡಿಯಲ್ಲಿ ಹುಟ್ಟಿದೆ. ಮಾತು ಕಳಿಸುವುದು, ಮಾತು ಕೇಳಿಸುವುದು, ಇಷ್ಟೇ ನನ್ನ ಕಸುಬು. ಪಕ್ಕದಲ್ಲಿ ಯಾರಾದರೂ ಕರೆಂಟು ಹುಟ್ಟಿಸುವ ಹಿಡಿಕೆ ತಿರುಗಿಸುತ್ತಿದ್ದರೆ ನನಗೆ ಜೀವ. ಇಲ್ಲದಿದ್ದರೆ ನಾನು ಬರೀ ಕಬ್ಬಿಣದ ಪೆಟ್ಟಿಗೆ.

ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತವನು ಒಬ್ಬ ನವಾಹೊ ಯುವಕ. ಆರಡಿ ಆಳು, ಎತ್ತರದವನು ಎನ್ನೋಣ. ನವಾಹೊಗಳು ಅಮೆರಿಕದ ಮೂಲನಿವಾಸಿಗಳು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ತನ್ನ ಭಾಷೆ ಆಡಿದ್ದಕ್ಕೆ ಮೇಷ್ಟರು ಅವನ ಬಾಯಿಗೆ ಸೋಪು ತುರುಕಿದ್ದರಂತೆ. ಈಗ ಅದೇ ಭಾಷೆ ಸೈನ್ಯಕ್ಕೆ ಬೇಕಾಗಿತ್ತು! ಟ್ಯಾಂಕಿಗೆ ಆಮೆ, ಬಾಂಬಿಗೆ ಮೊಟ್ಟೆ ಎಂದು ನವಾಹೊ ಸೈನಿಕರೇ ಗುಟ್ಟಿನ ಮಾತು ಕಟ್ಟಿಕೊಂಡಿದ್ದರು. ಜಪಾನಿ ಸೈನಿಕರು ಎಷ್ಟು ಕಿವಿಗೊಟ್ಟರೂ ತಲೆಬುಡ ತಿಳಿಯುತ್ತಿರಲಿಲ್ಲ. ನನಗಂತೂ ಒಳಗೊಳಗೇ ಜಂಬ.

ನಮಗಿಂತ ದೂರ ಹಿಂದಿದ್ದ ಫಿರಂಗಿ ಠಾಣೆಯ ರೇಡಿಯೋ ಮುಂದೆ ಕೂರುತ್ತಿದ್ದವನು ಎತ್ತರದವನ ಸ್ವಂತ ಅಣ್ಣ, ಹೋಸ್ಕಿ. ಇತ್ತ ನನ್ನ ಹಿಡಿಕೆ ತಿರುಗಿಸುತ್ತಿದ್ದವನು ಡೆಷೆನಿ, ಮೂರು ದಿನದ ಹಿಂದಷ್ಟೇ ಬಂದ ಇನ್ನೊಬ್ಬ ನವಾಹೊ. ಅವನ ದನಿಯನ್ನು ಹೋಸ್ಕಿ ಇನ್ನೂ ಕೇಳಿರಲಿಲ್ಲ.

ಆ ಬೆಳಿಗ್ಗೆ ನಮ್ಮವರು ಶತ್ರುವಿನ ಕಂದಕ ಗೆದ್ದು ಒಳಗೆ ಕೂತರು. ಆ ಸುದ್ದಿ ಹಿಂದಕ್ಕೆ ಮುಟ್ಟುವ ಮೊದಲೇ ನಮ್ಮದೇ ಫಿರಂಗಿಗಳು ಅಲ್ಲಿಗೆ ಗುಂಡು ಸುರಿಯತೊಡಗಿದವು. ಮೊದಲ ಗುಂಡಿಗೇ ಎತ್ತರದವನು ನನ್ನ ಮೇಲೆ ಕುಸಿದು ಸತ್ತ. ಕಂದಕದಲ್ಲಿ ಇನ್ನೂ ನಲವತ್ತು ಮಂದಿ ಇದ್ದರು.

ಡೆಷೆನಿ ನನ್ನಿಂದ ಮಾರು ದೂರ ಸರಿದ. ಸತ್ತವರನ್ನಾಗಲಿ ಅವರ ಸಾಮಾನನ್ನಾಗಲಿ ಮುಟ್ಟಬಾರದೆಂದು ಅವರ ಜನರಲ್ಲಿ ಕಟ್ಟುನಿಟ್ಟು. ಮುಟ್ಟೋ ಮಾರಾಯ, ಎಂದು ನಾನು ಒಳಗೇ ಕೂಗಿದೆ. ಇನ್ನೊಂದು ಗುಂಡು ಹತ್ತಿರದಲ್ಲೇ ಬಿತ್ತು. ಅವನು ಕಣ್ಣು ಮುಚ್ಚಿ, ಹೆಣವನ್ನು ಪಕ್ಕಕ್ಕೆ ಸರಿಸಿ, ಮೈಕು ಎತ್ತಿಕೊಂಡ. ಪಕ್ಕದಲ್ಲಿದ್ದ ಸಾರ್ಜೆಂಟ್ ಒಬ್ಬ ಹಿಡಿಕೆ ತಿರುಗಿಸಿದ.

"ಫಿರಂಗಿ ನಿಲ್ಸಿ! ಕಂದಕದಲ್ಲಿರೋದು ನಾವೇ!" ಎಂದ ಡೆಷೆನಿ, ತನ್ನ ಭಾಷೆಯಲ್ಲಿ.

"ಯಾರು ನೀನು? ನಿನ್ನ ದನಿ ನಂಗೆ ಗೊತ್ತಿಲ್ಲ," ಎಂದ ಹೋಸ್ಕಿ. ನವಾಹೊ ಸೈನಿಕನೊಬ್ಬ ಸೆರೆಸಿಕ್ಕಿದ್ದಾನೆ, ಶತ್ರು ಅವನಿಂದ ಸುಳ್ಳು ಹೇಳಿಸಬಹುದು ಎಂಬ ಎಚ್ಚರಿಕೆ ಎಲ್ಲ ಠಾಣೆಗೂ ಹೋಗಿತ್ತು. "ಮೈಕು ನನ್ನ ತಮ್ಮನ ಕೈಗೆ ಕೊಡು."

"ಕೊಡೋಕಾಗಲ್ಲ."

"ಹಾಗಾದ್ರೆ ಅವನ ಹೆಸರು ಹೇಳು."

ಡೆಷೆನಿ ಹೆಣದ ಕಡೆ ನೋಡಿದ. ಸತ್ತವರ ಹೆಸರೆತ್ತಿದರೆ ಹೊರಟ ಆತ್ಮವನ್ನು ಈ ಲೋಕಕ್ಕೆ ಹಿಂದಕ್ಕೆಳೆದಂತೆ; ನವಾಹೊಗಳಲ್ಲಿ ಅದೂ ಕೂಡದು. ಮೂರನೇ ಗುಂಡಿಗೆ ಕಂದಕದ ಅಂಚು ಕುಸಿದು ಮಣ್ಣು ನನ್ನ ಮೇಲೆ ಸುರಿಯಿತು. ಹೇಳಿಬಿಡು, ಎಂದು ನನಗೂ ಅನ್ನಿಸಿತು. ಆಗ ಅವನೆಂದ:

"ಅಣ್ಣಾ, ಇನ್ನು ಆ ಹೆಸರು ಹೇಳೋ ಹಾಗಿಲ್ಲ."

ಸುಳ್ಳು ಹೇಳಲು ಬಂದವನಾಗಿದ್ದರೆ ಯಾವುದಾದರೊಂದು ಹೆಸರು ಒದರಿಬಿಡುತ್ತಿದ್ದ. ಹೋಸ್ಕಿಗೆ ಎರಡೂ ಒಟ್ಟಿಗೇ ಅರ್ಥವಾದವು. ಮಾತಾಡುತ್ತಿರುವವನು ನಮ್ಮವನು, ತಮ್ಮ ಇನ್ನಿಲ್ಲ. "ನಿಲ್ಲಿಸಿ ಸರ್, ಅಲ್ಲಿರುವವರು ನಮ್ಮವರೇ," ಎಂದು ಅವನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ಫಿರಂಗಿಗಳು ನಿಂತವು. ನಲವತ್ತು ಮಂದಿ ಉಳಿದುಕೊಂಡರು.

ಈಗ ನಾನು ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದೇನೆ. ಯುದ್ಧ ಮುಗಿದ ಮೇಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ನವಾಹೊ ಸೈನಿಕರು ಈ ಗುಟ್ಟಿನ ಭಾಷೆಯ ವಿಷಯ ಬಾಯಿಬಿಡುವಂತಿರಲಿಲ್ಲ. ಎತ್ತರದವನ ಹೆಸರು ನನಗೆ ಗೊತ್ತು, ನಿಮಗೂ ಹೇಳುವುದಿಲ್ಲ. ಆದರೆ ಒಂದು ಮಾತ್ರ ಹೇಳಿಯೇ ಹೇಳುತ್ತೇನೆ. ಫಿರಂಗಿ ನಿಂತ ಮೇಲೂ ಹೋಸ್ಕಿ ತನ್ನ ಮೈಕಿನ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ. ಬಿಕ್ಕುವ ಉಸಿರು ಮಾತ್ರ ಕೇಳುತ್ತಿತ್ತು. ಅದನ್ನೂ ನಾನೇ ತಂದು ಡೆಷೆನಿಯ ಕಿವಿಗೆ ಹಾಕಿದೆ. ನನಗೆ ತುಂಬ ಸಂಕಟವಾಯಿತು. ಆಮೇಲೆ ಹೋಸ್ಕಿ, ಮುಖವನ್ನೇ ನೋಡಿರದ ಆ ಹುಡುಗನಿಗೆ ಹೇಳಿದ:

"ಮುಂದಿನ ಸಂದೇಶ ಹೇಳು, ತಮ್ಮಾ."