ಗಡಿಯಾರದ ಪಕ್ಕದ ಹಸಿರು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪಾದರಸ ಎನ್ನುತ್ತಿದ್ದರು. ಅವನ ಕುರ್ಚಿ ಇದ್ದದ್ದು ಬ್ಯಾಗು ನೇತುಹಾಕಲು ಮಾತ್ರ. ಫೋನಿನಲ್ಲಿ ಮಾತಾಡುವುದು ಓಡಾಡುತ್ತ, ಚಹಾ ಕುಡಿಯುವುದು ಕಿಟಕಿಯ ಹತ್ತಿರ ನಿಂತು. ಕಾಲು ಸುಟ್ಟ ಬೆಕ್ಕೂ ಇವನಿಗಿಂತ ವಾಸಿ ಎಂದು ಗೊಣಗುತ್ತಿದ್ದವರಿಗೆ, ಆ ದಿನಗಳಲ್ಲಿ ಅವನ ಚಡಪಡಿಕೆಗೆ ನಿಜವಾದ ಕಾರಣವೊಂದಿದೆ ಎಂಬುದು ಗೊತ್ತಿರಲಿಲ್ಲ. ಕಾರಣ ಅವನ ಅಕ್ಕ.

ಅಕ್ಕ ಅದೇ ಕಟ್ಟಡದ ಕೆಳಗಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಮೆಷಿನ್ ನೋಡಿಕೊಳ್ಳುತ್ತಿದ್ದಳು. ಮೆಷಿನ್ ಕೊಟ್ಟ ಫಲಿತಾಂಶವನ್ನು ಸರಿ ನೋಡಿ ಅವಳು ಒಂದು ಬಟನ್ ಒತ್ತಿದರೆ, ಅಲ್ಲಿಂದ ಮುಂದಕ್ಕೆ ರಿಪೋರ್ಟನ್ನು ವಾರ್ಡಿಗೆ ಮುಟ್ಟಿಸುವುದು ಮೇಲಿನ ಕೋಣೆಯ ದೊಡ್ಡ ಕಂಪ್ಯೂಟರಾದ ಸರ್ವರ್‌ನಲ್ಲಿ ಓಡುವ ಒಂದು ಪ್ರೋಗ್ರಾಮಿನ ಕೆಲಸ. ಅದಕ್ಕೆ ಸರ್ವಿಸ್ ಎನ್ನುತ್ತಾರೆ. ಮುಖವಿಲ್ಲ, ಕಿಟಕಿಯಿಲ್ಲ, ತೆರೆಯ ಹಿಂದೆ ತನ್ನ ಪಾಡಿಗೆ ದುಡಿಯುತ್ತದೆ. ಆಗಾಗ ಮುನಿಸಿಕೊಂಡವರ ಹಾಗೆ ಸುಮ್ಮನೆ ನಿಂತೂ ಬಿಡುತ್ತದೆ. ನಿಂತದ್ದು ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ ಬೈಗುಳವೆಲ್ಲ ಅಕ್ಕನ ಪಾಲಿಗೆ ಬರುತ್ತಿತ್ತು. ಇನ್ನೊಂದು ಸಲ ರಿಪೋರ್ಟ್ ತಡವಾದರೆ ಮೆಷಿನ್ ಬೇರೆಯವರ ಕೈಗೆ, ನೀವು ಹತ್ತಿ ಬ್ಯಾಂಡೇಜು ಜೋಡಿಸಲು ಉಗ್ರಾಣಕ್ಕೆ ಎಂದು ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆ ಮೆಷಿನ್ನಿನ ಸದ್ದಿನಲ್ಲಿ ಸ್ವಲ್ಪ ಏರುಪೇರಾದರೂ ಇನ್ನೊಂದು ಕೋಣೆಯಿಂದ ಎದ್ದು ಬರುವವಳು ಅಕ್ಕ. ಉಗ್ರಾಣದಲ್ಲಿ ಅವಳು ಕುಗ್ಗಿ ಹೋಗುತ್ತಾಳೆಂದು ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಅವನು ಒಂದು ಪುಟ್ಟ ಪ್ರೋಗ್ರಾಮ್ ಬರೆಯಲು ಹೊರಟ. ಅಕ್ಕನ ಕಂಪ್ಯೂಟರಿನ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ಅವರೆಕಾಳಿನಷ್ಟು ದೊಡ್ಡ ಒಂದು ಚುಕ್ಕೆ. ಅದು ಬಿಟ್ಟೂ ಬಿಡದೆ ಸರ್ವಿಸನ್ನು ಇದ್ದೀಯಾ ಎಂದು ಕೇಳುತ್ತಿರಬೇಕು. ಇದ್ದೇನೆ ಎಂದರೆ ಹಸಿರು, ನಿಂತಿದ್ದೇನೆ ಎಂದರೆ ಕೆಂಪು, ಉತ್ತರ ಬಾರದಿದ್ದರೆ ಹಳದಿ. ಚುಕ್ಕೆಯ ಮೇಲೆ ಮೌಸ್ ಒತ್ತಿದರೆ ಸಣ್ಣ ಪಟ್ಟಿ: ಶುರು ಮಾಡು, ನಿಲ್ಲಿಸು, ಮತ್ತೆ ಶುರು ಮಾಡು.

"ನಿಲ್ಲಿಸು ಅನ್ನೋದು ನನಗ್ಯಾಕೋ?" ಎಂದಳು ಅಕ್ಕ ಮೊದಲ ದಿನವೇ. "ಅವಸರದಲ್ಲಿ ಕೈತಪ್ಪಿ ಅದನ್ನೇ ಒತ್ತಿಬಿಟ್ರೆ?"

ಅವನು ಅದನ್ನು ತೆಗೆದ. ಚುಕ್ಕೆ ಸಣ್ಣದಾಯಿತು ಎಂದಳು, ದೊಡ್ಡದು ಮಾಡಿದ. ಗಳಿಗೆಗೊಮ್ಮೆ ಮೆಟ್ಟಿಲಿಳಿದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. "ನಿನ್ನ ಉಸಿರು ನನ್ನ ಕಿವಿಗೆ ಬೀಳ್ತಿದೆ, ಆ ಕಡೆ ಹೋಗೋ ಮಾರಾಯ," ಎಂದು ಅವಳು ಮೊಣಕೈಯಿಂದ ತಳ್ಳುತ್ತಿದ್ದಳು.

ತಕರಾರು ಬಂದದ್ದು ಹಳದಿಯಿಂದ. ಆಸ್ಪತ್ರೆಯ ನೆಟ್‌ವರ್ಕ್ ಆಮೆಯ ತಮ್ಮ. ಉತ್ತರ ಸ್ವಲ್ಪ ತಡವಾದರೂ ಚುಕ್ಕೆ ಹಳದಿಗೆ ತಿರುಗಿ ಮತ್ತೆ ಹಸಿರಾಗುತ್ತಿತ್ತು. ದಿನವಿಡೀ ಮಿಣ ಮಿಣ.

"ನೋಡಿದಾಗೆಲ್ಲ ಎದೆ ಧಸಕ್ ಅನ್ನುತ್ತೆ ಕಣೋ. ಸ್ಯಾಂಪಲ್ ಬಿಟ್ಟು ಇದನ್ನೇ ನೋಡ್ತಾ ಕೂರ್ತೀನಿ. ಇದನ್ನ ತೆಗೆದುಬಿಡು."

ಅವಳ ಗಾಬರಿಯನ್ನು ಅವನಿಂದ ನೋಡಲಾಗಲಿಲ್ಲ. ಉತ್ತರ ಬಾರದಿದ್ದರೆ ಹಿಂದಿನ ಬಣ್ಣವೇ ಇರಲಿ ಎಂದು ಒಂದೇ ಒಂದು ಸಾಲು ಬರೆದ. ಮಿಣುಕು ನಿಂತಿತು. ಅಕ್ಕ ನಿರಾಳವಾಗಿ ಉಸಿರು ಬಿಟ್ಟಳು. ಇಂಥ ತಪ್ಪು ಅಕ್ಕರೆ ಇದ್ದವರಿಂದಲೇ ಆಗುವುದು. ಉಳಿದವರಿಗೆ ಹಳದಿ ಬಂದರೇನು, ನೀಲಿ ಬಂದರೇನು.

ಕೆಲವು ದಿನ ಎಲ್ಲ ಸುಸೂತ್ರವಾಗಿತ್ತು. ಒಂದು ಬೆಳಿಗ್ಗೆ ವಾರ್ಡಿನ ಸಿಸ್ಟರ್ ಅಕ್ಕನಿಗೆ ಫೋನ್ ಮಾಡಿ, ಆಪರೇಷನ್ನಿಗೆಂದು ಹಸಿದು ಕೂತ ಅಜ್ಜನ ರಿಪೋರ್ಟ್ ಎಲ್ಲಿ ಎಂದು ಕೇಳಿದರು. ಅಕ್ಕ ಮೂಲೆಯ ಚುಕ್ಕೆ ನೋಡಿದಳು. ಹಸಿರು. "ಕಳಿಸಾಯ್ತಲ್ಲ ಸಿಸ್ಟರ್, ಅಲ್ಲೇ ಇರುತ್ತೆ, ಸರಿಯಾಗಿ ನೋಡಿ," ಎಂದಳು. ಮತ್ತೆ ಫೋನ್ ಬಂತು. ಮತ್ತೆ ಹಸಿರು. ಮೂರನೆಯ ಸಲ ಅವಳ ದನಿಯೂ ಏರಿತು. ಅಷ್ಟರಲ್ಲಿ ಆಪರೇಷನ್ ಮುಂದಕ್ಕೆ ಹೋಯಿತು. ಅಜ್ಜನ ಮಗ ಕಾರಿಡಾರಿನಲ್ಲಿ ನಿಂತು ಬಾಯಿಗೆ ಬಂದಂತೆ ಬಯ್ಯತೊಡಗಿದ. ಆ ಗದ್ದಲ ಕೇಳಿಯೇ ಪಾದರಸ ಕೆಳಗೆ ಓಡಿ ಬಂದದ್ದು.

ನೋಡಿದರೆ ಸರ್ವರ್ ಬೆಳಿಗ್ಗೆಯೇ ಸ್ತಬ್ಧವಾಗಿ ಕೂತಿತ್ತು. ಅದು ಉತ್ತರಿಸುತ್ತಿರಲಿಲ್ಲ, ಚುಕ್ಕೆ ಹಳೆಯ ಬಣ್ಣವನ್ನೇ ಹಿಡಿದುಕೊಂಡಿತ್ತು. ಅವನು ಮೇಲೆ ಓಡಿ ಸರ್ವರನ್ನು ಎಬ್ಬಿಸಿದ, ತಡೆದು ನಿಂತಿದ್ದ ರಿಪೋರ್ಟುಗಳೆಲ್ಲ ದಬದಬನೆ ವಾರ್ಡಿಗೆ ಹೋದವು. ಮತ್ತೆ ಕೆಳಗೆ ಬಂದ.

"ಅಕ್ಕಾ, ನನ್ನದೇ ತಪ್ಪು. ಆ ಒಂದು ಸಾಲು..."

"ಬಾಯಿ ಮುಚ್ಚು. ತೆಗಿ ಅಂದಿದ್ದು ನಾನು."

"ನೀನು ಏನು ಬೇಕಾದ್ರೂ ಅನ್ನಬಹುದು. ತೆಗೆಯೋನಿಗೆ ಬುದ್ಧಿ ಇರಬೇಕಿತ್ತು."

"ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರಲಿ. ಮೇಲೆ ಹೋಗು."

ಅಷ್ಟರಲ್ಲಿ ದೊಡ್ಡ ಡಾಕ್ಟರಿಂದ ಅವಳಿಗೆ ಕರೆ ಬಂತು. ಅವನು ಮೆಟ್ಟಿಲ ಬುಡದಲ್ಲಿ ಅತ್ತಿಂದಿತ್ತ ತಿರುಗುತ್ತ ಕಾದ. ಅಕ್ಕ ಹಿಂತಿರುಗಿದಾಗ ಮುಖದಲ್ಲಿ ನಗು ಅಂಟಿಸಿಕೊಂಡಿದ್ದಳು.

"ಏನಂದ್ರು?"

"ಏನಿಲ್ಲ ಕಣೋ. ಎಲ್ಲಾ ಸರಿಹೋಯ್ತು."

ಆಮೇಲೆ ಅವಳು ಡ್ರಾಯರಿನಿಂದ ತನ್ನ ಕನ್ನಡಕದ ಡಬ್ಬಿ, ಬಾಚಣಿಗೆ, ನೀರಿನ ಬಾಟಲಿ ತೆಗೆದು ಚೀಲಕ್ಕೆ ಹಾಕತೊಡಗಿದಳು. ಅವನು ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದ.

"ಸರ್, ತಪ್ಪು ನಂದು. ಅಕ್ಕನದಲ್ಲ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಡಲೂ ಇಲ್ಲ. "ಬಟನ್ ಒತ್ತೋಕೆ ಮರೆತೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ತಮ್ಮ ಬಂದು ತನ್ನ ತಲೆ ಮೇಲೆ ಎಳ್ಕೊಳ್ತಾನೆ, ನಂಬಬೇಡಿ ಅಂತಾನೂ ಹೇಳಿ ಹೋದ್ರು. ಹೋಗಪ್ಪ, ಕೆಲಸ ನೋಡು."

ಅವನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಸರ್, ದಯವಿಟ್ಟು ಒಂದು ನಿಮಿಷ ಕೆಳಗೆ ಬನ್ನಿ. ನನ್ನ ಮಾತು ನಂಬಬೇಡಿ. ನಿಮ್ಮ ಕಣ್ಣಾರೆ ನೋಡಿ."

ಡಾಕ್ಟರು ಹುಬ್ಬು ಗಂಟಿಕ್ಕಿಕೊಂಡೇ ಬಂದರು. ಅವರ ಹಿಂದೆ ಕಾರಿಡಾರಿನಲ್ಲಿದ್ದ ವಾರ್ಡಿನ ಸಿಸ್ಟರೂ ಬಂದರು. ಅವನು ಅಕ್ಕನ ಕಂಪ್ಯೂಟರಿನ ಹಿಂದಕ್ಕೆ ಕೈ ಹಾಕಿದ.

"ಬೇಡ ಕಣೋ," ಎಂದಳು ಅಕ್ಕ. ಅವಳಿಗೆ ಅವನ ಉದ್ದೇಶ ಆಗಲೇ ತಿಳಿದಿತ್ತು.

ಅವನು ನೆಟ್‌ವರ್ಕಿನ ವೈರನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ. "ರಿಪೋರ್ಟ್ ಹೋಗ್ತಿದ್ರೆ ಮಾತ್ರ ಈ ಚುಕ್ಕೆ ಹಸಿರಿರಬೇಕು ಸರ್, ಇದನ್ನ ಮಾಡಿದ್ದು ನಾನೇ," ಎಂದ. ಈಗ ಆ ಚುಕ್ಕೆಗೆ ಲೋಕದ ಜೊತೆ ಯಾವ ನಂಟೂ ಇರಲಿಲ್ಲ. ಎಲ್ಲರೂ ಮೂಲೆಯನ್ನೇ ನೋಡುತ್ತ ನಿಂತರು. ಹಸಿರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹಸಿರು. ಅವನು ಜೀವ ತೇಯ್ದು ಮಾಡಿದ್ದ ಚುಕ್ಕೆ ಅಷ್ಟು ಜನರ ಎದುರು ಕಿಂಚಿತ್ತೂ ನಾಚಿಕೆಯಿಲ್ಲದೆ ಎಲ್ಲ ಸರಿಯಿದೆ ಎನ್ನುತ್ತಿತ್ತು.

"ಇದನ್ನ ನೋಡ್ಕೊಂಡು ಇವರು ಸಿಸ್ಟರ್‌ಗೆ ಉತ್ತರ ಕೊಡ್ತಿದ್ರಾ?" ಡಾಕ್ಟರು ಕೇಳಿದರು.

"ಹೌದು ಸರ್. ಬಟನ್ ಒತ್ತಿದ ಹೊತ್ತೂ ಮೆಷಿನ್ನಲ್ಲಿ ಇದೆ, ನೋಡಿ."

ಡಾಕ್ಟರು ಅದನ್ನೂ ನೋಡಿದರು. ಅಕ್ಕನ ಕಡೆ ತಿರುಗಿ, "ಚೀಲ ಕೆಳಗಿಡಿ ಅಮ್ಮ, ಸ್ಯಾಂಪಲ್ ಕಾಯ್ತಿವೆ," ಎಂದರು. ಆಮೇಲೆ ಅವನಿಗೆ, "ನೀನು ನನ್ನ ರೂಮಿಗೆ ಬಾ," ಎಂದು ಹೊರಟುಹೋದರು. ಸಿಸ್ಟರೂ ಹಿಂದೆಯೇ ಹೋದರು.

ಅಕ್ಕ ತಮ್ಮ ಇಬ್ಬರೇ ಉಳಿದರು. ಅವನು ವೈರನ್ನು ಮತ್ತೆ ಸಿಕ್ಕಿಸಿ ಬಾಗಿಲ ಕಡೆ ನಡೆದ. ಕೆಲಸ ಹೋಗುತ್ತದೋ ಉಳಿಯುತ್ತದೋ ಅವನಿಗೆ ಗೊತ್ತಿರಲಿಲ್ಲ.

"ನಿಂತ್ಕೋ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಅಷ್ಟೇ ಇತ್ತು. "ಹುಟ್ಟಿದಾಗಿಂದ ಒಂದೇ ಒಂದು ಸುಳ್ಳು ಹೇಳಿದ್ದೆ ಕಣೋ, ನಿನಗೋಸ್ಕರ. ಅದನ್ನೂ ಉಳಿಸ್ಕೊಳ್ಳಲಿಲ್ಲವಲ್ಲೋ ನೀನು."