ಗ್ಲೌಸಿನ ಸದ್ದು

ನಮ್ಮಕ್ಕ ತನ್ನ ತಲೆ ತಾನೇ ಬಾಚಿಕೊಂಡು ಹನ್ನೊಂದು ವರ್ಷವಾಯಿತು. ಬಲಗೈ ಕಿವಿಯವರೆಗೆ ಏರುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ದಿನಾ ಬೆಳಿಗ್ಗೆ ಅಮ್ಮ ಕುರ್ಚಿಯ ಹಿಂದೆ ನಿಂತು ಬಾಚುತ್ತಾಳೆ, ಅಕ್ಕ ಮೊಬೈಲಿನಲ್ಲಿ ಟೀಮಿನ ಪಟ್ಟಿ ನೋಡುತ್ತಾ ಕೂತಿರುತ್ತಾಳೆ. ಆಮೇಲೆ ಅಕ್ಕ, ನಾನು ಇಬ್ಬರೂ ಒಂದೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತೇವೆ. ಅವಳು ಅಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಟೀಮಿಗೆ ಕೋಚ್. ನಾನು ಅದೇ ಮೈದಾನ ನೋಡಿಕೊಳ್ಳುವವನು. ಮಣ್ಣು ಹರವಬೇಕು, ನೀರು ಹೊಡೆಯಬೇಕು, ಸುಣ್ಣದ ಗೆರೆ ಎಳೆಯಬೇಕು. ಮ್ಯಾಚಿಗೆ ಮುಂಚೆ ಪಿಚರ್ ಕೈ ಬಿಸಿ ಮಾಡಿಕೊಳ್ಳುವಾಗ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವುದೂ ನನ್ನ ತಲೆಗೇ ಕಟ್ಟಿದ್ದಾರೆ.

ಪಿಚರ್ ಅಂದರೆ ತೋಳನ್ನು ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ಚೆಂಡು ಬಿಡುವವಳು. ಮೇಲಿನಿಂದ ಎಸೆದರೆ ಭುಜ ಸವೆಯುತ್ತೆ, ಕೆಳಗಿನಿಂದ ಎಸೆದರೆ ಏನೂ ಆಗಲ್ಲ ಅಂತ ಈ ಆಟದವರಲ್ಲಿ ಒಂದು ನಂಬಿಕೆ ಇದೆ. ಯಾವ ಪುಣ್ಯಾತ್ಮ ಹಬ್ಬಿಸಿದನೋ! ಅಕ್ಕ ಪಿಚರ್ ಆಗಿದ್ದ ಕಾಲದ ಮುದುಕ ಕೋಚ್ ಅದನ್ನೇ ನಂಬಿಕೊಂಡು ನಾಲ್ಕು ವರ್ಷ ಎಲ್ಲ ಮ್ಯಾಚನ್ನೂ ಅವಳೊಬ್ಬಳಿಂದಲೇ ಆಡಿಸಿದ. ಬೇರೆ ಪಿಚರುಗಳು ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದರು.

ಆಗಲೂ ಚೆಂಡು ಹಿಡಿಯುತ್ತಿದ್ದವನು ನಾನೇ. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದಿದ್ದೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಕ್ಕನೆದುರು ಕೂರುವುದೇ ನನ್ನ ಓದು. ಅದರಲ್ಲಿ ಒಂದು ವಿದ್ಯೆ ಚೆನ್ನಾಗಿ ಕಲಿತೆ. ಚೆಂಡನ್ನು ಅಂಗೈ ಮೇಲೆ ಹಿಡಿದರೆ ಗ್ಲೌಸು ‘ದಪ್’ ಅನ್ನುತ್ತದೆ. ಅದೇ ಚೆಂಡನ್ನು ಹೆಬ್ಬೆರಳಿನ ಪಕ್ಕದ ಗುಂಡಿಯಲ್ಲಿ ಹಿಡಿದರೆ ‘ಚಟಾರ್’ ಅಂತ ಪಟಾಕಿ ಹೊಡೆದ ಹಾಗೆ ಸದ್ದು ಬರುತ್ತದೆ. ವೇಗ ಇಲ್ಲದ ಚೆಂಡಿಗೂ ಬರಿಸಬಹುದು. ಮುದುಕ ಕೋಚ್ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆನ್ನು ಹಾಕಿಕೊಂಡು ಟೀ ಕುಡಿಯುತ್ತಾ, “ನೋಡೋದೇನಿದೆ, ನನಗೆ ಸದ್ದು ಕೇಳಿದ್ರೆ ಸಾಕು” ಅನ್ನುತ್ತಿದ್ದ. ಕೊನೆಯ ವರ್ಷ ಅಕ್ಕನ ಕೈ ಸೋಲತೊಡಗಿದಾಗ, ಅವಳು ಹೆದರಬಾರದು ಅಂತ ನಾನು ಪ್ರತಿ ಚೆಂಡಿಗೂ ಚಟಾರ್ ಅನ್ನಿಸಿದೆ. ಅವಳ ಮುಖ ಅರಳುತ್ತಿತ್ತು. ಮುದುಕ “ಕುದುರೆ ಇನ್ನೂ ಓಡುತ್ತೆ” ಅಂತ ಮೈದಾನಕ್ಕೆ ಬಿಡುತ್ತಿದ್ದ. ಹದಿನೈದು ವರ್ಷದ ನಾನು ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮೂರ್ಖ ಮುಂಡೇದು!

ಕೋಚ್ ಆದ ಹೊಸದರಲ್ಲಿ ಅಕ್ಕ ಆ ಮುದುಕನ ಹಾಗಿರಲಿಲ್ಲ. ಇಬ್ಬರು ಪಿಚರುಗಳನ್ನು ಸರದಿಯಲ್ಲಿ ಆಡಿಸಿದಳು. ಒಬ್ಬೊಬ್ಬಳು ಎಷ್ಟು ಎಸೆದಳು ಅಂತ ಎಣಿಸಿಡುತ್ತಿದ್ದಳು, ಎಂಬತ್ತು ದಾಟಿದರೆ ಒಳಗೆ ಕರೆಯುತ್ತಿದ್ದಳು. ಚೆನ್ನಾಗಿತ್ತು, ಆದರೆ ಸೋಲುತ್ತಿದ್ದರು ಅಷ್ಟೇ. ಮೂರು ವರ್ಷ ಸೋತ ಮೇಲೆ ಪ್ರಿನ್ಸಿಪಾಲರು ಕರೆಸಿ, “ಈ ಸಲವೂ ಕಪ್ ಬರದೇ ಇದ್ರೆ ಬೇರೆಯವರನ್ನ ನೋಡ್ಕೋತೀವಮ್ಮ” ಅಂದರು. ಅವತ್ತಿನಿಂದ ಎರಡನೇ ಪಿಚರ್ ಬೆಂಚು ಹಿಡಿದಳು. ಎಣಿಸುವುದು ನಿಂತಿತು. ಅಕ್ಕನೂ ಬೆನ್ನು ಹಾಕಿ ನಿಂತು ಸದ್ದು ಕೇಳತೊಡಗಿದಳು.

ಎಲ್ಲ ಮ್ಯಾಚೂ ಆಡುತ್ತಿದ್ದ ಆ ಇನ್ನೊಬ್ಬ ಪಿಚರ್ ಕಡ್ಡಿ. ಹೆಸರು ಬೇರೆ ಇದೆ, ಆದರೆ ಅವಳನ್ನು ನೋಡಿದ ಯಾರಿಗೂ ಬೇರೆ ಹೆಸರು ಬಾಯಿಗೆ ಬರಲ್ಲ. ಹತ್ತೊಂಬತ್ತು ವರ್ಷ, ಬಿದಿರಿನ ಹಾಗೆ ಕೈಕಾಲು, ಬಾಯಿ ಮಾತ್ರ ಬೀದಿಯುದ್ದ. “ಅಣ್ಣಾ, ನೀವು ಕೂತಿದ್ದು ನೋಡಿದ್ರೆ ಕಪ್ಪೆ ಹಾರೋಕೆ ರೆಡಿ ಆದಂಗಿದೆ” ಅನ್ನುತ್ತಿದ್ದಳು. “ನೀನು ನಿಂತಿದ್ದು ನೋಡಿದ್ರೆ ಬಟ್ಟೆ ಒಣಗಿಸೋ ಕೋಲು ಅಂದ್ಕೊಂಡು ಯಾರಾದ್ರೂ ಟವಲ್ ಹಾಕಿ ಹೋಗ್ತಾರೆ” ಅಂತ ನಾನು.

ಆ ಕಪ್ಪಿನ ಟೂರ್ನಮೆಂಟು ಎರಡು ದಿನ. ಮೊದಲ ದಿನ ಎರಡು ಮ್ಯಾಚು, ಎರಡೂ ಕಡ್ಡಿಯೇ ಎಸೆದಳು. ಎರಡನೇ ದಿನ ಬೆಳಿಗ್ಗೆ ಸೆಮಿಫೈನಲ್‌ಗೆ ಮುಂಚೆ, ಮೊದಲ ಚೆಂಡು ಗ್ಲೌಸಿಗೆ ಬಿದ್ದಾಗಲೇ ನನಗೆ ತಿಳಿಯಿತು. ಅದರಲ್ಲಿ ಜೀವ ಇರಲಿಲ್ಲ. ಚೆಂಡು ವಾಪಸು ತೆಗೆದುಕೊಳ್ಳುವ ನೆಪದಲ್ಲಿ ಅವಳು ಹತ್ತಿರ ಬಂದಳು. ಬಾಯಿಬಡುಕಿ ಈಗ ಪಿಸುಗುಡುತ್ತಿದ್ದಳು.

“ಅಣ್ಣಾ, ಮೇಡಂಗೆ ಹೇಳಬೇಡಿ. ಜೋರಾಗಿ ಸದ್ದು ಬರೋ ಹಾಗೆ ಹಿಡೀರಿ. ನಿಮಗೆ ಬರುತ್ತಲ್ವಾ?”

ಬರುತ್ತೆ. ಬರುತ್ತೆ ಅಂತ ಮಾಡಿಯೂ ಬಿಟ್ಟೆ. ಚಟಾರ್, ಚಟಾರ್. ಅಕ್ಕ ಬೆನ್ನು ಹಾಕಿಕೊಂಡೇ ತಲೆಯಾಡಿಸಿ ಕಡ್ಡಿಯನ್ನು ಕಳಿಸಿದಳು. ಏಳು ಇನಿಂಗ್ಸ್, ಅಂದರೆ ಪೂರ್ತಿ ಮ್ಯಾಚು, ಆಡಿ ಹೇಗೋ ಗೆದ್ದರು.

ಮಧ್ಯಾಹ್ನ ನಲ್ಲಿಯ ಹತ್ತಿರ ಕಡ್ಡಿಯನ್ನು ನೋಡಿದೆ. ರಬ್ಬರ್ ಬ್ಯಾಂಡ್ ಹಿಡಿದುಕೊಂಡು ಕಟ್ಟೆ ಮೇಲೆ ಕೂತಿದ್ದಳು. ಕೈ ತಲೆಗೆ ಏರುತ್ತಿರಲಿಲ್ಲ. ಅದಕ್ಕೆ ತಲೆಯನ್ನೇ ಮಂಡಿಯವರೆಗೆ ಬಗ್ಗಿಸಿ, ಮಡಿಲಲ್ಲಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹೋಗಿ ನೋಡಿದರೆ ಅಕ್ಕ ಪ್ರಿನ್ಸಿಪಾಲರ ಪಕ್ಕ ಕೂತು ಊಟ ಮಾಡುತ್ತಿದ್ದಳು. ಎಡಗೈಯಲ್ಲಿ ನೀರಿನ ಲೋಟ ಎತ್ತುತ್ತಾ ನಗುತ್ತಿದ್ದಳು.

ಫೈನಲ್‌ಗೆ ಮುಂಚೆ ನಾನು ಚೆಂಡಿಗೆ ಅಂಗೈ ಕೊಟ್ಟೆ. ದಪ್. ಕಡ್ಡಿ ನನ್ನನ್ನೇ ದಿಟ್ಟಿಸಿದಳು. ಎರಡನೆಯದು, ದಪ್. ಮೂರನೆಯದಕ್ಕೆ ಅಕ್ಕ ತಿರುಗಿದಳು.

“ಏನಾಯ್ತೋ ನಿನ್ನ ಕೈಗೆ?”

“ನನ್ನ ಕೈಗೆ ಏನೂ ಆಗಿಲ್ಲ. ಅವಳ ಭುಜ ಹೋಗಿದೆ.”

“ನೀನ್ಯಾವಾಗ ಡಾಕ್ಟರಾದೆ?”

“ಬೆಳಿಗ್ಗೆನೂ ಹೋಗಿತ್ತು ಕಣಕ್ಕಾ. ನಾನೇ ಸದ್ದು ಮಾಡ್ದೆ. ನಿನಗೂ ಹೀಗೇ ಮಾಡ್ತಿದ್ದೆ, ಕೊನೇ ವರ್ಷ ಪೂರ್ತಿ. ನಿನ್ನ ಕೈ ಹಾಳು ಮಾಡ್ದೋನು ನಾನೇ.”

ಹನ್ನೊಂದು ವರ್ಷ ನುಂಗಿಕೊಂಡಿದ್ದ ಮಾತು. ಹೇಳಿದರೆ ಆಕಾಶ ಬೀಳುತ್ತದೆ ಅಂದುಕೊಂಡಿದ್ದೆ. ಅಕ್ಕ ತಂತಿಬೇಲಿಯ ಆಚೆ ಕಣ್ಣು ನೆಟ್ಟು ನಿಂತಳು.

“ಗೊತ್ತು” ಅಂದಳು.

“ಏನು ಗೊತ್ತು?”

“ಎರಡೂ ಗೊತ್ತು. ನನ್ನ ಕೈಯಿಂದ ಹೋಗೋ ಚೆಂಡು ನನಗೇ ಗೊತ್ತಾಗಲ್ವೇನೋ? ಇವಳದ್ದೂ ಬೆಳಿಗ್ಗೆನೇ ಗೊತ್ತಾಯ್ತು.” ಗ್ಲೌಸಿನ ಕಡೆ ಕೈ ತೋರಿಸಿ, “ಈಗ ಸದ್ದು ಬರೋ ಹಾಗೆ ಸರಿಯಾಗಿ ಹಿಡಿ” ಅಂದಳು.

“ನೀನು ಮನುಷ್ಯಳಾ?”

“ನಾನು ಹೋದ್ರೆ ನನ್ನ ಜಾಗಕ್ಕೆ ಬರೋನು ಇವಳನ್ನ ಇನ್ನೂ ಜಾಸ್ತಿ ಆಡಿಸ್ತಾನೆ. ಇದೊಂದು ಮ್ಯಾಚು ಕಣೋ. ಮುಂದಿನ ವರ್ಷದಿಂದ ಮತ್ತೆ ಇಬ್ಬರನ್ನ ಆಡಿಸ್ತೀನಿ, ಎಣಿಸ್ತೀನಿ.”

ನಾನು ಗ್ಲೌಸು ಕಿತ್ತು ಅವಳ ಕಾಲ ಬುಡಕ್ಕೆ ಎಸೆದೆ. “ಇದೊಂದು ಮ್ಯಾಚು ಅಂತ ಆ ಮುದುಕನೂ ಹೇಳ್ತಿದ್ದ!” ಕಡ್ಡಿ ಕಡೆ ತಿರುಗಿ ಕೂಗಿದೆ: “ಆಡಬೇಡ ಕಣೇ! ಮನೆಗೆ ಹೋಗು!”

ಕಡ್ಡಿ ಬಂದು ಗ್ಲೌಸು ಎತ್ತಿಕೊಂಡಳು, ಮಣ್ಣು ಒರೆಸಿದಳು. “ಮೇಡಂ, ಅಣ್ಣನಿಗೆ ತಲೆ ಬಿಸಿಯಾಗಿದೆ. ನಾನು ಆಡ್ತೀನಿ” ಅಂದಳು. ಮೇಡಂ ತನ್ನನ್ನು ನಂಬಿದ್ದಾರೆ ಅನ್ನುವ ಖುಷಿ ಬೇರೆ ಆ ಮುಖದಲ್ಲಿ. ಇಬ್ಬರೂ ಸೇರಿ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು.

ಐದೇ ಇನಿಂಗ್ಸ್ ಆಡು ಅಂತ ಅಕ್ಕ ಅವಳಿಗೆ ಹೇಳಿದಳಂತೆ. ಐದು ಆರಾಯಿತು, ಆರು ಏಳಾಯಿತು. ಕೊನೆಯಲ್ಲಿ ಕಡ್ಡಿ ಎಸೆದ ಚೆಂಡು ನೆಲಕ್ಕೆ ಬಡಿದು ಉರುಳುತ್ತಾ ಬರುತ್ತಿತ್ತು, ಎದುರಾಳಿಗಳು ಅದಕ್ಕೂ ಬ್ಯಾಟು ಬೀಸಿ ಔಟಾದರು. ಅಂಥ ದರಿದ್ರ ಗೆಲುವು. ಒಂದೇ ಒಂದು ರನ್ನಿನಿಂದ. ಹುಡುಗಿಯರು ಕಿರುಚುತ್ತಾ ಓಡಿಬಂದು ಕಡ್ಡಿಯನ್ನು ಎತ್ತಿಕೊಂಡರು. ಎತ್ತುವಾಗ ಒಬ್ಬಳು ಬಲಗೈ ಹಿಡಿದು ಎಳೆದಳು. ಕಡ್ಡಿ ಹಾಕಿದ ಕೂಗು ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಅಕ್ಕನಿಗೆ ಕೇಳಿಸಿತು. ಬೆಂಚಿನ ಮೇಲೆ ಕೂತುಬಿಟ್ಟಳು.

ಅಕ್ಕನ ಕೆಲಸ ಮೂರು ವರ್ಷಕ್ಕೆ ಗಟ್ಟಿಯಾಯಿತು. ಕಡ್ಡಿಯ ಭುಜಕ್ಕೆ ಆಪರೇಷನ್ ಆಯಿತು. ಇನ್ನು ಎಸೆಯುವುದು ಕನಸಿನ ಮಾತು ಅಂದರು ಡಾಕ್ಟರು. ನಾನು ಅಕ್ಕನ ಜೊತೆ ಮಾತು ಬಿಟ್ಟೆ. ಸ್ಕೂಟರಿನಲ್ಲಿ ಮಾತ್ರ ಈಗಲೂ ಕರೆದುಕೊಂಡು ಹೋಗುತ್ತೇನೆ. ಈ ವರ್ಷ ಇಬ್ಬರು ಪಿಚರುಗಳಿದ್ದಾರೆ, ಎಣಿಸುತ್ತಾಳೆ ಕೂಡ. ಪ್ರಿನ್ಸಿಪಾಲರು ಮತ್ತೆ ಕರೆಸುವವರೆಗೆ ಎಣಿಸುತ್ತಾಳೆ.

ಮೊನ್ನೆ ಗೆರೆ ಎಳೆಯುತ್ತಿದ್ದೆ. ಕಡ್ಡಿ ಬಂದಳು. ತೋಳಿಗೆ ಇನ್ನೂ ಪಟ್ಟಿ ಇತ್ತು. ಇನ್ನಷ್ಟು ಸಣ್ಣಗಾಗಿದ್ದಳು. ಯಾರ ಮೇಲೂ ಸಿಟ್ಟಿರಲಿಲ್ಲ ಅವಳಿಗೆ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

“ಮೇಡಂ ನನಗೆ ಸರ್ಟಿಫಿಕೇಟು ಬರೆದುಕೊಟ್ರು ಅಣ್ಣಾ” ಅಂದಳು. “ಕೋಚಿಂಗ್ ಕೋರ್ಸಿಗೆ ಸೇರ್ಕೋ, ನನ್ನ ಹಾಗೇ ಆಗ್ತೀಯ ಅಂದ್ರು.”

ನಾನು ಸುಣ್ಣದ ಡಬ್ಬ ಕೆಳಗಿಟ್ಟೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಅವಳು ನಗುತ್ತಾ ನಿಂತಿದ್ದಳು, “ಚೆನ್ನಾಗಿ ಮಾಡ್ತೀಯ ಕಣೇ” ಅಂತ ನಾನು ಅನ್ನಲಿ ಅಂತ.

“ಸೇರಬೇಡ” ಅಂದೆ.

ಅವಳ ನಗು ಇಳಿಯಿತು. “ಮತ್ತೆ ಇನ್ನೇನು ಮಾಡ್ಲಿ? ನನಗೆ ಬೇರೆ ಏನು ಬರುತ್ತೆ?” ಅಂದಳು.